ಹಳೆಯ ಮೋಟಾರು, ದೂರದ ದಾರಿ

ಪ್ರಾಚೀನ ವಸ್ತುಗಳನ್ನು ಪ್ರೀತಿಸುವವರಲ್ಲಿ ಎರಡು ಪಂಗಡಗಳುಂಟು. ವಸ್ತುವನ್ನು ಒರೆಸಿ, ಮೆರುಗಿಟ್ಟು, ಯಾರೂ ಮುಟ್ಟದಂತೆ ಕಾಪಾಡುವವರು ಒಂದು ಪಂಗಡ. ಅದು ಯಾವ ಕಾರ್ಯಕ್ಕಾಗಿ ಹುಟ್ಟಿತೋ ಆ ಕಾರ್ಯವನ್ನು ಮಾಡಿಸಿದಲ್ಲದೆ ಅದಕ್ಕೆ ಗೌರವವಿಲ್ಲವೆನ್ನುವವರು ಇನ್ನೊಂದು ಪಂಗಡ. ಅರ್ಧ ಶತಮಾನಕ್ಕೂ ಹಳೆಯದಾದ ಮೋಟಾರು ಗಾಡಿಯನ್ನು ಮರುಭೂಮಿ, ಪರ್ವತ, ಹೊಳೆಗಳನ್ನು ದಾಟಿಸಿ ಸಾವಿರಾರು ಕಿಲೋಮೀಟರು ಓಡಿಸುವ ರ‍್ಯಾಲಿಗಳಿಗೆ ಹೊರಡುವವರು ಎರಡನೆಯ ಪಂಗಡದವರು. ಹೊರಡುವುದಕ್ಕೆ ಮೊದಲು ಆ ಗಾಡಿಯನ್ನು ಎಷ್ಟು ಮಾರ್ಪಡಿಸಬೇಕು, ಎಲ್ಲಿ ಕೈತಡೆಯಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಈ ಸಾಹಸದ ಮೂಲವು 1907ರಲ್ಲಿದೆ. ಪೀಕಿಂಗಿನಿಂದ ಪ್ಯಾರಿಸಿಗೆ ಮೋಟಾರಿನಲ್ಲಿ ಬರಬಲ್ಲವರುಂಟೇ ಎಂದು ಪ್ಯಾರಿಸಿನ ‘ಲ ಮತ್ಯಾಂ’ ಪತ್ರಿಕೆಯು ಆ ವರ್ಷದ ಜನವರಿಯಲ್ಲಿ ಪಂಥವನ್ನೊಡ್ಡಿತು. ಜೂನ್ 10ರಂದು ಐದು ಗಾಡಿಗಳು ಹೊರಟುವು. ಇಟಲಿಯ ರಾಜಕುಮಾರ ಶಿಪಿಯೋನೆ ಬೋರ್ಗೇಸೆಯು ತನ್ನ ಯಂತ್ರಜ್ಞ ಎತ್ತೋರೆ ಗುಯಿತ್ಸಾರ್ದಿಯೊಡನೆಯೂ ಪತ್ರಕರ್ತ ಲುಯಿಜಿ ಬರ್ಜೀನಿಯೊಡನೆಯೂ ಇಟಾಲಾ ಗಾಡಿಯಲ್ಲಿ ಆಗಸ್ಟ್ 10ರಂದು ಪ್ಯಾರಿಸನ್ನು ಮುಟ್ಟಿದನು. ಮೂರು ಚಕ್ರದ ಗಾಡಿಯೊಂದು ಗೋಬಿ ಮರುಭೂಮಿಯಲ್ಲಿಯೇ ನಿಂತುಹೋಯಿತು. ಉಳಿದ ಮೂರು ಸುಮಾರು ಇಪ್ಪತ್ತು ದಿನ ತಡವಾಗಿ ಬಂದುವು.

ಬೋರ್ಗೇಸೆಯ ಸಿದ್ಧತೆಯನ್ನು ಗಮನಿಸತಕ್ಕದ್ದು. ಅವನು ವೇಗದ ಹಿಂದೆ ಬೀಳದೆ ಚಾಸಿಯನ್ನೂ ಸ್ಪ್ರಿಂಗುಗಳನ್ನೂ ಬಲಪಡಿಸಿದನು. ಹೆಚ್ಚಿನ ಪೆಟ್ರೋಲ್ ತೊಟ್ಟಿಗಳನ್ನು ಕೂಡಿಸಿದನು. ಗಾಡಿಯ ಕೆಸರುತಡೆಗಳನ್ನು ಕಳಚಿ ಹಳ್ಳದ ಮೇಲೆ ಹಲಗೆಗಳಂತೆ ಹಾಸುವ ಹಾಗೆ ಮಾಡಿಸಿದನು. ಮರುಭೂಮಿಯ ದಾರಿಗೆ ಬೇಕಾದ ಪೆಟ್ರೋಲನ್ನು ಒಂಟೆಗಳ ಮೇಲೆ ಮುಂದಾಗಿ ಕಳುಹಿಸಲಾಗಿತ್ತು. ರಷ್ಯಾದಲ್ಲಿ ಗಾಡಿಯ ಮರದ ಚಕ್ರವೊಂದು ಮುರಿದಾಗ ಹಳ್ಳಿಯ ಕುಶಲಿಯೊಬ್ಬನು ಕೊಡಲಿಯಿಂದಲೇ ಅದನ್ನು ಸರಿಪಡಿಸಿಕೊಟ್ಟನು. ದೂರದ ದಾರಿಗೆ ಹೊರಡುವ ಗಾಡಿಯ ಅಂಗಗಳು, ಮುರಿದರೆ ಹಳ್ಳಿಯ ಕಮ್ಮಾರನೂ ಬಡಗಿಯೂ ರಿಪೇರಿ ಮಾಡಬಲ್ಲಂಥವಾಗಿರಬೇಕೆಂಬ ಪಾಠವನ್ನು ಇದರಿಂದ ಕಲಿಯಬಹುದು.

1968ರ ಲಂಡನ್–ಸಿಡ್ನಿ ಸ್ಪರ್ಧೆಯೂ ಇಂಥದೇ ಮಾತನ್ನು ಹೇಳಿತು. ಖೈಬರ್ ಕಣಿವೆಯ ಮಾರ್ಗವಾಗಿ ದೆಹಲಿಗೂ ಬೊಂಬಾಯಿಗೂ ಬಂದು, ಅಲ್ಲಿ ಹಡಗನ್ನೇರಿ ಆಸ್ಟ್ರೇಲಿಯವನ್ನು ಸೇರುವ ಆ ಪಯಣದಲ್ಲಿ 98 ಗಾಡಿಗಳು ಹೊರಟು 56 ಮಾತ್ರ ಗುರಿಮುಟ್ಟಿದುವು. ಗೆದ್ದದ್ದು ಗೃಹಸ್ಥರು ಸಂಸಾರಸಮೇತ ಕೂರುವಂಥ ಸಾಧಾರಣ ಹಿಲ್ಮನ್ ಹಂಟರ್. ಪೀಕಿಂಗ್–ಪ್ಯಾರಿಸ್ ಯಾತ್ರೆಯನ್ನು ಹಳೆಯ ಗಾಡಿಗಳಿಂದಲೇ ಮತ್ತೆ ನಡೆಸುವ ಏರ್ಪಾಡು 1997ರಲ್ಲಿ ಆಯಿತು. ಆಗಿನ ಮಾರ್ಗವು ಟಿಬೆಟ್, ನೇಪಾಳ, ಭಾರತಗಳನ್ನು ಹಾದುಹೋಗಿತ್ತು. 2007ರಲ್ಲಿ ಮೊದಲ ಯಾತ್ರೆಯ ನೂರನೆಯ ವರ್ಷಕ್ಕೆ ಗಾಡಿಗಳು ಮಂಗೋಲಿಯವನ್ನು ದಾಟಿದುವು.

ಈಗ ಸಿದ್ಧತೆಯ ಕ್ರಮವನ್ನು ನೋಡೋಣ. ಮೊದಲನೆಯ ಕೆಲಸ ಬಿಚ್ಚುವುದು. ಮೈಯನ್ನು ಎತ್ತಿಟ್ಟು, ಚಾಸಿಯನ್ನು ತೊಳೆದು, ಕೂದಲೆಳೆಯಷ್ಟು ಬಿರುಕಿದ್ದರೂ ಹುಡುಕಿ ಬೆಸೆಯಬೇಕು. ಅಲೆಯಲೆಯಾದ ಮಣ್ಣುದಾರಿಯಲ್ಲಿ ಷಾಕ್ ಅಬ್ಸಾರ್ಬರುಗಳು ಬಿಡುವಿಲ್ಲದೆ ದುಡಿದು, ಅವುಗಳೊಳಗಿನ ಎಣ್ಣೆ ಕಾದು, ಹಿಡಿತ ತಪ್ಪುವುದು. ಅವನ್ನು ಬಿಗಿದಿರುವ ಕೊಂಡಿಗಳೂ ಹರಿಯುವುವು. ಆದುದರಿಂದ ಗಟ್ಟಿಯಾದ ಹೊಸವನ್ನು ಹಾಕಿ, ಕೊಂಡಿಗಳಿಗೆ ಕಬ್ಬಿಣದ ಆಸರೆ ಕೊಡಬೇಕು. ಸ್ಪ್ರಿಂಗಿಗೆ ಒಂದು ಪಟ್ಟಿ ಕೂಡಿಸಬಹುದು. ಅತಿಯಾಗಿ ಬಿರುಸು ಮಾಡಿದರೆ ಕಲ್ಲಿನ ಪೆಟ್ಟೆಲ್ಲವೂ ಚಾಸಿಗೇ ತಗಲುವುದು. ಎಂಜಿನಿನ ಕೆಳಗೆ ಎಣ್ಣೆಯ ತೊಟ್ಟಿ ಒಡೆಯದಂತೆ ದಪ್ಪ ತಗಡಿನ ರಕ್ಷೆ ಬೇಕು.

ಎರಡನೆಯದು ಎಂಜಿನು. ಇಲ್ಲಿ ಹೊಸಬರ ಆಸೆ ಶಕ್ತಿಯನ್ನು ಹೆಚ್ಚಿಸುವುದು. ಅನುಭವಿಗಳು ಅದನ್ನು ತಗ್ಗಿಸುವುದೂ ಉಂಟು. ದೂರದ ಊರುಗಳಲ್ಲಿ ಸಿಕ್ಕುವ ಪೆಟ್ರೋಲು ಕೀಳುದರ್ಜೆಯದಾದರೆ, ಹೆಚ್ಚು ಒತ್ತಡದ ಎಂಜಿನಿನಲ್ಲಿ ಅದು ಅಕಾಲದಲ್ಲಿ ಸಿಡಿದು ಪಿಸ್ಟನ್ನುಗಳನ್ನು ಕೆಡಿಸುವುದು. ಅದಕ್ಕಾಗಿ ಒತ್ತಡವನ್ನು ಕಡಮೆ ಮಾಡಿ, ಕಿಡಿಯನ್ನು ತುಸು ತಡವಾಗಿ ಹಾರುವಂತೆ ಹೊಂದಿಸುವರು. ರೇಡಿಯೇಟರನ್ನು ದೊಡ್ಡದು ಮಾಡುವರು. ಧೂಳಿಗೂ ಪೆಟ್ರೋಲಿನ ಕಸಕ್ಕೂ ಸೋಸುವ ಫಿಲ್ಟರುಗಳನ್ನಿಡುವರು. ವಿದ್ಯುತ್ ಪಂಪುಗಳು ಎರಡಿದ್ದು, ಒಂದು ಕೆಟ್ಟೊಡನೆ ಸ್ವಿಚ್ಚಿನಿಂದ ಇನ್ನೊಂದು ಓಡುವ ಹಾಗಿರಬೇಕು.

ಮೂರನೆಯದು ಭಾರ. ಎರಡು ಹೆಚ್ಚಿನ ಚಕ್ರಗಳು, ಜ್ಯಾಕು, ಮರಳಿನಲ್ಲಿ ಅದರಡಿಗೆ ಇಡುವ ಹಲಗೆ, ಬೆಲ್ಟುಗಳು, ರಬ್ಬರ್ ಕೊಳವೆಗಳು, ತಂತಿ, ಕುಡಿಯುವ ನೀರು ಇವನ್ನು ಬಿಡುವಂತಿಲ್ಲ. ಆದರೆ ಅಂಗಡಿಯನ್ನೇ ಹೊತ್ತ ಗಾಡಿಯು ತನ್ನ ಹೊರೆಯಿಂದಲೇ ಮುರಿಯುವುದು. ಒಯ್ಯುವುದನ್ನು ತಗ್ಗಿನಲ್ಲಿ, ಎರಡು ಅಚ್ಚುಗಳ ನಡುವೆ ಬಿಗಿಯಾಗಿ ಕಟ್ಟಬೇಕು. ಪ್ರತಿದಿನ ಸಂಜೆ, ಎಷ್ಟೇ ದಣಿದಿದ್ದರೂ, ಗಾಡಿಯ ಕೆಳಗೆ ತೂರಿ ನಟ್ಟು ಬೋಲ್ಟುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ನಿತ್ಯಕರ್ಮವಾಗಬೇಕು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು. ಇಷ್ಟೆಲ್ಲವನ್ನೂ ಬದಲಿಸಿದ ಮೇಲೆ ಅದು ಹಳೆಯ ಗಾಡಿಯಾಗಿ ಉಳಿಯಿತೇ? ನಮ್ಮ ದೇವಾಲಯಗಳ ಜೀರ್ಣೋದ್ಧಾರದಲ್ಲಿಯೂ ಈ ಪ್ರಶ್ನೆಯುಂಟು. ಬಿದ್ದ ಕಂಬದ ಸ್ಥಳದಲ್ಲಿ ಹೊಸ ಕಂಬವನ್ನು ನಿಲ್ಲಿಸಿದರೆ ದೇವಾಲಯವು ಬೇರೆಯಾಗದು. ಭದ್ರವಾಗಿರುವ ಕೆತ್ತನೆಯನ್ನು ಕಿತ್ತು ಹೊಸದನ್ನಿಟ್ಟರೆ ಮಾತ್ರ ಅದು ಅನಾಚಾರ. ಮೋಟಾರಿಗೂ ಈ ನ್ಯಾಯವೇ ಸಲ್ಲುವುದು. ಮುಂದೆ ಬಿಚ್ಚಿ ತೆಗೆಯಬಹುದಾದ ಬದಲಾವಣೆಯು ಸಾಧು. ಮೂಲದ ತಗಡನ್ನು ಕತ್ತರಿಸುವಂಥದನ್ನು ಹತ್ತು ಸಲ ಯೋಚಿಸಿ ಮಾಡಬೇಕು. ತೆಗೆದ ಭಾಗಗಳಿಗೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿ ಕಾಪಾಡಿದರೆ ಮುಂದಿನವರು ಗಾಡಿಯನ್ನು ಪೂರ್ವಸ್ಥಿತಿಗೆ ತರಬಲ್ಲರು.

ಆದರೆ ಒಂದು ವಿಷಯದಲ್ಲಿ ಈ ಸಂಕೋಚವು ಸಲ್ಲದು. ಹಳೆಯ ಗಾಡಿಗಳು ತಯಾರಾದ ಕಾಲದಲ್ಲಿ ಸೀಟಿನ ಪಟ್ಟಿಯನ್ನು ಕೇಳುವವರೇ ವಿರಳ. ಪಟ್ಟಿ, ಗಾಡಿ ಮಗುಚಿದರೆ ತಲೆ ಕಾಯುವ ಉಕ್ಕಿನ ಪಂಜರ, ಬೆಂಕಿಯಾರಿಸುವ ಸಾಧನ, ನಂಬಿಕೆಗೆ ತಕ್ಕ ಬ್ರೇಕು ಇವುಗಳಿಗೆ ಎಡೆಕೊಡುವಾಗ ಒಂದೆರಡು ರಂಧ್ರಗಳು ಬಿದ್ದರೂ ಬೀಳಲಿ. ತಗಡಿನ ರಂಧ್ರವನ್ನು ಇನ್ನೊಬ್ಬ ಕುಶಲಿಯು ಮುಚ್ಚಿಯಾನು. ಮನೆಯಲ್ಲಿ ದಾರಿ ನೋಡುತ್ತಿರುವ ಹೆಂಡತಿ ಮಕ್ಕಳಿಗೆ ಹೋದ ಜೀವವನ್ನು ಯಾರೂ ತಂದುಕೊಡಲಾರರು. ಹೀಗೆ ಜೀವಕ್ಕೆ ಮೊದಲ ಸ್ಥಾನ, ಗಾಡಿಯ ಬಾಳಿಕೆಗೆ ಎರಡನೆಯದು, ಮೂಲರೂಪಕ್ಕೆ ಮೂರನೆಯದು. ವೇಗಕ್ಕೆ ಉಳಿದರೆ ಕೊನೆಯದು. ಈ ಕ್ರಮವನ್ನು ಮನಸ್ಸಿನಲ್ಲಿಟ್ಟು ಕೈಗೆ ಸ್ಪ್ಯಾನರು ಹಿಡಿದವರ ಗಾಡಿಯು ಮೊದಲನೆಯದಾಗಿ ಬರದಿದ್ದರೂ ಮನೆಗೆ ಬಂದೀತು.