ಕಳ್ಳಿಗೆ ಇಸವಿ ಏಕಿಲ್ಲ?

ಫ್ರಾನ್ಸಿನ ಬೋರ್ದೋ ಸೀಮೆಯ ‘ಶಾತೋ ಲಾತೂರ್’ ಎಂಬ ಕೆಂಪು ದ್ರಾಕ್ಷಾಮದ್ಯವು 1855ರ ವರ್ಗೀಕರಣದಲ್ಲಿಯೇ ಮೊದಲ ದರ್ಜೆ ಪಡೆದುದು. ಅದರ ಸೀಸೆಯ ಮೇಲೆ ದ್ರಾಕ್ಷಿ ಕೊಯ್ದ ಇಸವಿ ಇರುತ್ತದೆ. ಹೊಸ ಮದ್ಯವನ್ನು ಪೀಪಾಯಿಯಲ್ಲಿರುವಾಗಲೇ ಮಾರುವ ರೂಢಿಯನ್ನು ಬಿಟ್ಟು, ಹದಕ್ಕೆ ಬಂದ ಮೇಲೆಯೇ ಮಾರುವುದೆಂದು ಅದರ ಒಡೆಯರು 2012ರಲ್ಲಿ ನಿಶ್ಚಯಿಸಿದರು. ಇದನ್ನು ಓದಿದಾಗ, ಬೆಳ್ತಂಗಡಿಯ ಬಳಿ ಮೂರ್ತೆ ಮಾಡುತ್ತಿದ್ದ ನನ್ನ ಅಜ್ಜನ ನೆನಪಾಯಿತು. ಅವರ ಕಳ್ಳು ಒಂದು ದಿನವೂ ಕಾಯುತ್ತಿರಲಿಲ್ಲ.

ಕಾರಣವೇನು? ಎರಡರಲ್ಲಿಯೂ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿಯೇ. ಆದರೆ ದ್ರಾಕ್ಷಿಯ ಸಿಪ್ಪೆ, ಬೀಜಗಳ ಒಗರು ಮದ್ಯವನ್ನು ಕಾಪಾಡುತ್ತದೆ. ಬಿರಡೆಯು ಗಾಳಿಯನ್ನು ತಡೆಯುತ್ತದೆ. ತೆಂಗಿನ ಬಿರಿಯದ ಹೊಂಬಾಳೆಯ ತುದಿ ಕೊಯ್ದಾಗ ತೊಟ್ಟಿಕ್ಕುವ ರಸಕ್ಕೆ ಆ ರಕ್ಷೆಯಿಲ್ಲ. ತೆರೆದ ಮಡಕೆಗೆ ಬೀಳುತ್ತಲೇ ಅದು ಹುದುಗುತ್ತದೆ; ಮರುದಿನಕ್ಕೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಗಾಳಿಯ ನೆರವಿನಿಂದ ಅದನ್ನು ಹುಳಿಯಾಗಿಸುತ್ತವೆ. ಮಡಕೆಯೊಳಗೆ ಸುಣ್ಣ ಬಳಿದರೆ ರಸ ಸಿಹಿಯಾಗಿಯೇ ಉಳಿಯುತ್ತದೆ. ಅದನ್ನು ಕಾಯಿಸಿ ಬೆಲ್ಲ ಮಾಡಬಹುದು.

ಆದುದರಿಂದಲೇ ಮೂರ್ತೆದಾರನು ಬೆಳಗೂ ಬೈಗೂ ಮರವೇರಬೇಕು. ಬಂಟ್ವಾಳ, ಮೂಡುಬಿದಿರೆಗಳ ಕ್ರೈಸ್ತರ ಮನೆಗಳಲ್ಲಿ ಹಬ್ಬದ ಸನ್ನ ಹಿಂದಿನಿಂದಲೂ ಉಬ್ಬಿದುದು ಇಂಥ ಹೊಸ ಕಳ್ಳಿನಿಂದ.

ಫ್ರಾನ್ಸಿನಲ್ಲಿ ಒಂದು ವರ್ಷದ ಬೆಳೆ ಕೆಟ್ಟರೂ ಹಿಂದಿನ ವರ್ಷಗಳ ಸೀಸೆಗಳು ನೆಲಮಾಳಿಗೆಯಲ್ಲಿರುತ್ತವೆ. ನಮ್ಮಲ್ಲಿ ಮರವೇರುವವನು ನಿಂತರೆ ಕಳ್ಳೂ ನಿಂತಂತೆಯೇ. ಅಜ್ಜ ಮರದಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ನಮ್ಮ ಮನೆಯಲ್ಲಿ ಯಾರೂ ಮರವೇರಲಿಲ್ಲ. ಅವರು ನನಗೆ ಆ ಕೆಲಸ ಕಲಿಸಲೂ ಇಲ್ಲ; “ನೀನು ಓದು” ಎಂದರು. ಓದಿದೆ. ಅವರ ಕತ್ತಿ ಇಂದಿಗೂ ಅಟ್ಟದ ಮೇಲಿದೆ.