ರುಚಿಗೆ ಅಂಕ ಕೊಡುವುದು ಹೇಗೆ?

1930ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ತರುಣನೊಬ್ಬ ಮುಂದೇನು ಎಂದು ಯೋಚಿಸುತ್ತಿದ್ದ. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದರೆ ಹೇಗೆ ಎಂಬ ಆಲೋಚನೆ ಬಂತು. ವಿಷಯ ತಿಳಿದ ಗೆಳೆಯನೊಬ್ಬ ಅವನನ್ನು ತಡೆದ. ಸಾಹಿತ್ಯದ ಮೇಲಿನ ಪ್ರೀತಿ ಉಳಿಯಬೇಕೆಂದಿದ್ದರೆ ಆ ಕೆಲಸಕ್ಕೆ ಮಾತ್ರ ಕೈಹಾಕಬೇಡ ಎಂದು ಬುದ್ಧಿ ಹೇಳಿದ. ತರುಣನಿಗೆ ಅದು ಸರಿಯೆನಿಸಿತು. ಎಂ.ಎ. ವಿಚಾರ ಅಲ್ಲಿಗೇ ನಿಂತಿತು. ಕಾಲೇಜು ಸೇರುವ ಮೊದಲಿನ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಒಮ್ಮೆ ನಪಾಸಾಗಿದ್ದ ಆ ತರುಣನೇ ಮುಂದೆ ಜಗತ್ತೆಲ್ಲ ಓದಿದ ಇಂಗ್ಲಿಷ್ ಕಾದಂಬರಿಕಾರ ಆರ್. ಕೆ. ನಾರಾಯಣ್. ಈ ಪ್ರಸಂಗವನ್ನು ಅವರೇ ತಮ್ಮ ಆತ್ಮಕಥೆ ‘ಮೈ ಡೇಸ್’ನಲ್ಲಿ ಹೇಳಿಕೊಂಡಿದ್ದಾರೆ.

ಗೆಳೆಯನ ಮಾತು ತಮಾಷೆಯಂತೆ ಕಂಡರೂ ಅದರ ಹಿಂದೆ ಗಟ್ಟಿಯಾದ ಪ್ರಶ್ನೆಯೊಂದಿದೆ. ಕಥೆ, ಕವಿತೆ, ನಾಟಕಗಳನ್ನು ಓದಿ ಸಂತೋಷಪಡಬಹುದು. ಅವನ್ನೇ ಪಾಠಪಟ್ಟಿಗೆ ಸೇರಿಸಿ, ಮೂರು ಗಂಟೆಯ ಪರೀಕ್ಷೆ ಮಾಡಿ, ನೂರಕ್ಕೆ ಇಷ್ಟು ಎಂದು ಅಂಕ ಕೊಡಲು ಬರುತ್ತದೆಯೇ? ಅಂಕ ಬಂದವನಿಗೆ ಸಾಹಿತ್ಯ ಬಂದಿತೆಂದು ಹೇಳಬಹುದೇ?

ಪ್ರತಿವರ್ಷ ಮಾನಸಗಂಗೋತ್ರಿ, ಧಾರವಾಡ, ಶಂಕರಘಟ್ಟ, ಕಲಬುರಗಿಗಳ ಇಂಗ್ಲಿಷ್ ವಿಭಾಗಗಳಿಗೆ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಅವರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರೂ ಇರುತ್ತಾರೆ. “ಇಂಗ್ಲಿಷ್ ಎಂ.ಎ. ಮಾಡಿದರೆ ಎಲ್ಲಾದರೂ ಕೆಲಸ ಗ್ಯಾರಂಟಿ” ಎಂಬುದು ಮನೆಯವರ ನಂಬಿಕೆ. ತರಗತಿಯಲ್ಲಿ ಎದುರಾಗುವುದು ಚಾಸರ್, ಶೇಕ್ಸ್‌ಪಿಯರ್, ಮಿಲ್ಟನ್. ಅವರ ಪಾಲಿಗೆ ಮೇಲಿನ ಪ್ರಶ್ನೆ ಬರಿಯ ತರ್ಕವಲ್ಲ. ಎರಡು ವರ್ಷದ ದುಡಿಮೆ ಕೊನೆಗೆ ಕೈಗೆ ಏನು ಕೊಡುತ್ತದೆ ಎಂಬ ಲೆಕ್ಕಾಚಾರ.

ತವರು ಕಲ್ಕತ್ತೆ

ಇಂಗ್ಲಿಷ್ ಸಾಹಿತ್ಯವೆಂಬ ಪಾಠ ಇಂಗ್ಲೆಂಡಿನಲ್ಲಿ ಬೆಳೆದು ಆಮೇಲೆ ಇಲ್ಲಿಗೆ ಬಂದಿತೆಂದು ನಾವು ತಿಳಿದಿದ್ದೇವೆ. ಇತಿಹಾಸ ಹೇಳುವುದು ಬೇರೆ. 1813ರ ಚಾರ್ಟರ್ ಕಾಯಿದೆ ಭಾರತೀಯರ ವಿದ್ಯಾಭ್ಯಾಸಕ್ಕೆ ವರ್ಷಕ್ಕೆ 1 ಲಕ್ಷ ರೂಪಾಯಿ ತೆಗೆದಿರಿಸಬೇಕೆಂದು ಈಸ್ಟ್ ಇಂಡಿಯಾ ಕಂಪನಿಗೆ ವಿಧಿಸಿತು. 1817ರಲ್ಲಿ ಕಲ್ಕತ್ತೆಯಲ್ಲಿ ಹಿಂದೂ ಕಾಲೇಜು ಆರಂಭವಾಯಿತು. 1835ರಲ್ಲಿ ಮೆಕಾಲೆಯ ಟಿಪ್ಪಣಿಯ ಬೆನ್ನಿಗೇ ಸರ್ಕಾರದ ಹಣ ಇಂಗ್ಲಿಷ್ ವಿದ್ಯೆಗೆ ಸಲ್ಲಬೇಕೆಂಬ ತೀರ್ಮಾನವಾಯಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದವು.

ಬಂಗಾಳದ ಹುಡುಗರು ಶೇಕ್ಸ್‌ಪಿಯರನ ನಾಟಕಗಳನ್ನು ತರಗತಿಯಲ್ಲಿ ಓದುತ್ತಿದ್ದ ಆ ದಿನಗಳಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ನಡೆಯುತ್ತಿದ್ದುದು ಗ್ರೀಕ್ ಮತ್ತು ಲ್ಯಾಟಿನ್ ಪಾಠ. ಹೊಸದಾಗಿ ಶುರುವಾಗಿದ್ದ ಲಂಡನ್ ವಿಶ್ವವಿದ್ಯಾನಿಲಯ 1828ರಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರನ್ನು ನೇಮಿಸಿತ್ತು, ನಿಜ. ಆದರೆ ಹಳೆಯ ಎರಡು ವಿದ್ಯಾಪೀಠಗಳು ತಾಯಿನುಡಿಯ ಕಥೆ ಕವನಗಳನ್ನು ಮನೆಯಲ್ಲಿ ಓದಿಕೊಳ್ಳುವ ವಸ್ತುವೆಂದೇ ಎಣಿಸಿದ್ದವು.

ಈ ವಿಚಿತ್ರದ ಕಾರಣವನ್ನು ವಿದ್ವಾಂಸೆ ಗೌರಿ ವಿಶ್ವನಾಥನ್ 1989ರಲ್ಲಿ ಪ್ರಕಟವಾದ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ಗ್ರಂಥದಲ್ಲಿ ವಿವರಿಸಿದ್ದಾರೆ. ಭಾರತೀಯರ ಧಾರ್ಮಿಕ ವಿಷಯಗಳಲ್ಲಿ ನೇರವಾಗಿ ಕೈಹಾಕಲು ಕಂಪನಿ ಸರ್ಕಾರ ಹೆದರುತ್ತಿತ್ತು. ಶಾಲೆಯಲ್ಲಿ ಬೈಬಲ್ ಪಾಠ ಮಾಡುವಂತಿರಲಿಲ್ಲ. ತಮ್ಮ ನೀತಿ, ನಡತೆ, ಮೌಲ್ಯಗಳನ್ನು ಪ್ರಜೆಗಳ ಮನಸ್ಸಿಗೆ ಇಳಿಸಲು ಆಳುವವರಿಗೆ ಸಾಹಿತ್ಯ ಅನುಕೂಲವಾಗಿ ಒದಗಿತು ಎಂಬುದು ಅವರ ವಾದ.

ಆಕ್ಸ್‌ಫರ್ಡಿನ ಜಗಳ

ಆಕ್ಸ್‌ಫರ್ಡಿನಲ್ಲಿ 1885ರಲ್ಲಿ ಮರ್ಟನ್ ಪೀಠವೆಂಬ ಇಂಗ್ಲಿಷ್ ಪ್ರಾಧ್ಯಾಪಕ ಹುದ್ದೆ ಸೃಷ್ಟಿಯಾಯಿತು. ಅದಕ್ಕೆ ಆಯ್ಕೆಯಾದ ಆರ್ಥರ್ ನೇಪಿಯರ್ ಶಬ್ದಗಳ ಚರಿತ್ರೆ ಬಲ್ಲ ಭಾಷಾಶಾಸ್ತ್ರಜ್ಞರು. ಸಾಹಿತ್ಯಕ್ಕೇ ಒಂದು ಪ್ರತ್ಯೇಕ ಪದವಿ ಪರೀಕ್ಷೆ ಬೇಕೆಂದು ಕೆಲವರು ಒತ್ತಾಯಿಸಿದಾಗ ದೊಡ್ಡ ಗದ್ದಲವೇ ಎದ್ದಿತು.

ವಿರೋಧಿಗಳಲ್ಲಿ ಮುಂಚೂಣಿಯಲ್ಲಿದ್ದವರು ಇತಿಹಾಸ ಪ್ರಾಧ್ಯಾಪಕ ಎಡ್ವರ್ಡ್ ಫ್ರೀಮನ್. 1887ರಲ್ಲಿ ಅವರು ಎತ್ತಿದ ಆಕ್ಷೇಪ ಇಂದಿಗೂ ಹಳತಾಗಿಲ್ಲ. ಸಾಹಿತ್ಯ ಓದುವುದರಿಂದ ಅಭಿರುಚಿ ಬೆಳೆಯುತ್ತದೆ, ಮನಸ್ಸು ವಿಶಾಲವಾಗುತ್ತದೆ ಎನ್ನುತ್ತೀರಿ. ಒಳ್ಳೆಯದೇ. ಆದರೆ ಅಭಿರುಚಿಯನ್ನೂ ಅನುಕಂಪವನ್ನೂ ಪರೀಕ್ಷೆ ಮಾಡುವುದು ಹೇಗೆ? ಪರೀಕ್ಷಕನಿಗೆ ಸರಿ–ತಪ್ಪು ಎಂದು ಗುರುತು ಹಾಕಬಹುದಾದ ಖಚಿತ ಸಂಗತಿಗಳು ಬೇಕು. ಅವಿಲ್ಲದಿದ್ದರೆ ವಿದ್ಯಾರ್ಥಿಗಳು ಶೆಲ್ಲಿಯಂಥ ಕವಿಗಳ ಬದುಕಿನ ಕುರಿತು ಹರಟೆ ಹೊಡೆದು ಪದವಿ ಪಡೆದು ಹೋಗುತ್ತಾರೆ ಎಂಬುದು ಅವರ ತಕರಾರಿನ ಸಾರ.

ಕೊನೆಗೆ 1894ರಲ್ಲಿ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ವಿಭಾಗ ಬಂದಾಗ ಈ ತಕರಾರಿಗೆ ಅರ್ಧ ಮಣೆ ಹಾಕಲಾಗಿತ್ತು. ಸಾಹಿತ್ಯದ ಜೊತೆಗೆ ಹಳೆಯ ಇಂಗ್ಲಿಷ್, ವ್ಯಾಕರಣ, ಶಬ್ದಚರಿತ್ರೆಗಳ ಭಾರೀ ಹೊರೆಯನ್ನು ಹೊರಿಸಲಾಯಿತು. ಕನ್ನಡ ಎಂ.ಎ. ವಿದ್ಯಾರ್ಥಿಗಳು ಹಳಗನ್ನಡ ಕಾವ್ಯ, ‘ಶಬ್ದಮಣಿದರ್ಪಣ’ಗಳೊಂದಿಗೆ ಸೆಣಸುವುದನ್ನು ನೆನೆದರೆ ಆ ಹೊರೆ ಎಂಥದೆಂದು ಗೊತ್ತಾದೀತು.

ಹೆಸರಿಲ್ಲದ ಕವಿತೆ

ಬೇರೊಂದು ಉತ್ತರ ಹುಡುಕಿದ್ದು ಕೇಂಬ್ರಿಜ್. ಅಲ್ಲಿ 1917ರಲ್ಲಿ ಇಂಗ್ಲಿಷಿಗೆ ಸ್ವತಂತ್ರ ಪದವಿ ಪರೀಕ್ಷೆ ಮಂಜೂರಾಯಿತು. 1920ರ ದಶಕದಲ್ಲಿ ಅಲ್ಲಿನ ಅಧ್ಯಾಪಕ ಐ. ಎ. ರಿಚರ್ಡ್ಸ್ ಒಂದು ಪ್ರಯೋಗ ಮಾಡಿದರು. ಕವಿತೆಗಳನ್ನು ಅಚ್ಚು ಮಾಡಿಸಿ ವಿದ್ಯಾರ್ಥಿಗಳಿಗೆ ಹಂಚಿದರು. ಕವಿಯ ಹೆಸರಿಲ್ಲ, ಕಾಲದ ಸುಳಿವಿಲ್ಲ. ಎಷ್ಟು ಸಲ ಬೇಕಾದರೂ ಓದಿ, ಅನಿಸಿದ್ದನ್ನು ಬರೆದು ತನ್ನಿ ಎಂದರು.

ವಿಜ್ಞಾನ ಓದಿದವರಿಗೆ ಇದರ ಸ್ವರೂಪ ಕೂಡಲೇ ಹೊಳೆಯುತ್ತದೆ. ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಕೊಡುವ ಗೊತ್ತಿಲ್ಲದ ಲವಣವೂ ಹೀಗೆಯೇ. ಪೊಟ್ಟಣದ ಮೇಲೆ ಹೆಸರಿರುವುದಿಲ್ಲ. ವಿದ್ಯಾರ್ಥಿ ಅದರ ಬಣ್ಣ ನೋಡಬೇಕು, ನೀರಿನಲ್ಲಿ ಕರಗುತ್ತದೆಯೇ ಎಂದು ಪರೀಕ್ಷಿಸಬೇಕು, ಬಿಸಿ ಮಾಡಿದಾಗ ಏನಾಗುತ್ತದೆಂದು ಬರೆದುಕೊಳ್ಳಬೇಕು. ಪ್ರನಾಳದಲ್ಲಿ ಕಂದು ಉಂಗುರ ಮೂಡಿದರೆ ಅದು ನೈಟ್ರೇಟ್. ತಪ್ಪಬಹುದು, ಮತ್ತೆ ಮಾಡಬಹುದು. ಕಣ್ಣೆದುರಿನ ವಸ್ತುವೇ ಅಲ್ಲಿ ಸಾಕ್ಷಿ. ಅಟೆಂಡರ್‌ನನ್ನು ಮೆಲ್ಲಗೆ ಕೇಳಿ ಉತ್ತರ ತಿಳಿದುಕೊಳ್ಳುವ ಜಾಣರು ಎಲ್ಲ ಕಾಲೇಜಿನಲ್ಲೂ ಉಂಟು. ಅವರಿಗೆ ಅಂಕ ಸಿಗುತ್ತದೆ, ರಸಾಯನಶಾಸ್ತ್ರ ಸಿಗುವುದಿಲ್ಲ.

ರಿಚರ್ಡ್ಸರ ಪ್ರಯೋಗದ ಫಲಿತಾಂಶ ಕೇಂಬ್ರಿಜ್‌ಗೆ ಮುಜುಗರ ತರುವಂಥದ್ದು. ಬರೆದವರಲ್ಲಿ ಹೆಚ್ಚಿನವರು ಇಂಗ್ಲಿಷನ್ನೇ ವಿಶೇಷವಾಗಿ ಓದುತ್ತಿದ್ದವರು, ಅದು ಅವರ ತಾಯಿನುಡಿ. ಆದರೂ ಜಾನ್ ಡನ್, ಡಿ. ಎಚ್. ಲಾರೆನ್ಸ್ ಅಂಥವರ ಕವಿತೆಗಳನ್ನು ಹಲವರು ತಳ್ಳಿಹಾಕಿದರು. ಅನೇಕರಿಗೆ ಕವಿತೆಯ ನೇರವಾದ ಅರ್ಥವೇ ಆಗಿರಲಿಲ್ಲ. ಇನ್ನು ಕೆಲವರು ಮೊದಲೇ ಮನಸ್ಸಿನಲ್ಲಿ ಸಿದ್ಧವಾಗಿದ್ದ ಭಾವನೆಗಳನ್ನು ಕವಿತೆಯ ಮೇಲೆ ಹೇರಿದ್ದರು. ಓದುವವರು ಎಲ್ಲೆಲ್ಲಿ ಎಡವುತ್ತಾರೆಂದು ವರ್ಗೀಕರಿಸಿ ರಿಚರ್ಡ್ಸ್ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪುಸ್ತಕ ಹೊರತಂದರು. ಫ್ರೀಮನ್ನರ ಪ್ರಶ್ನೆಗೆ ಇದೊಂದು ಉತ್ತರವಾಯಿತು. ಅಭಿರುಚಿಗೆ ಅಂಕ ಕೊಡಲಾಗದಿದ್ದರೂ, ಓದಿದ ರೀತಿಯನ್ನು ಪರೀಕ್ಷಿಸಬಹುದು. ಆ ಅಭಿಪ್ರಾಯಕ್ಕೆ ಕವಿತೆಯ ಯಾವ ಮಾತು ಆಧಾರ ಎಂದು ಕೇಳಬಹುದು.

ಮೈಸೂರಿಗೆ ಬಂದ ದಾರಿ

ಈ ಓದಿನ ಕ್ರಮ ಕರ್ನಾಟಕಕ್ಕೂ ಬಂತು. ರಿಚರ್ಡ್ಸರ ದಾರಿಯನ್ನು ತಮ್ಮದೇ ರೀತಿಯಲ್ಲಿ ಮುಂದುವರಿಸಿದ ಎಫ್. ಆರ್. ಲೀವಿಸ್ ಅವರ ಬಳಿ ಕೇಂಬ್ರಿಜ್‌ನಲ್ಲಿ ಕಲಿತ ಸಿ. ಡಿ. ನರಸಿಂಹಯ್ಯ ಮಹಾರಾಜಾ ಕಾಲೇಜಿಗೆ ಮರಳಿ ಇಂಗ್ಲಿಷ್ ಪ್ರಾಧ್ಯಾಪಕರಾದರು. ‘ಲಿಟರರಿ ಕ್ರೈಟೀರಿಯನ್’ ಪತ್ರಿಕೆ ನಡೆಸಿದರು. ಬ್ರಿಟಿಷ್ ಲೇಖಕರಷ್ಟೇ ಇದ್ದ ಪಾಠಪಟ್ಟಿಗೆ ಭಾರತೀಯರ ಇಂಗ್ಲಿಷ್ ಬರಹ, ಅಮೆರಿಕನ್ ಮತ್ತು ಕಾಮನ್‌ವೆಲ್ತ್ ಸಾಹಿತ್ಯಗಳು ಬರಲು ದುಡಿದರು. 1979ರಲ್ಲಿ ಮೈಸೂರಿನಲ್ಲಿ ‘ಧ್ವನ್ಯಾಲೋಕ’ ಸಂಸ್ಥೆ ಕಟ್ಟಿದಾಗ ಅದಕ್ಕಿಟ್ಟ ಹೆಸರು ಆನಂದವರ್ಧನನ ಗ್ರಂಥದ್ದು.

ಇದಕ್ಕೂ ಮುಂಚೆ ಇಂಗ್ಲಿಷ್ ವಿಭಾಗದಿಂದ ಕನ್ನಡದ ಕಡೆಗೆ ಹಾದಿ ಮಾಡಿದವರು ಬಿ. ಎಂ. ಶ್ರೀಕಂಠಯ್ಯ. ತರಗತಿಯಲ್ಲಿ ಇಂಗ್ಲಿಷ್ ಕಾವ್ಯ ಪಾಠ ಮಾಡುತ್ತಿದ್ದ ‘ಶ್ರೀ’ಯವರು 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದ ಅನುವಾದಗಳು ಆದಿಪ್ರಾಸದ ಕಟ್ಟನ್ನು ಬಿಟ್ಟು, ಮಾತ್ರೆಗಳ ಹೊಸ ಜೋಡಣೆಯಲ್ಲಿ ಕನ್ನಡ ಹೇಗೆ ಓಡಬಲ್ಲದೆಂದು ತೋರಿಸಿದವು. ನವೋದಯ ಕಾವ್ಯಕ್ಕೆ ಅದು ನೆಲೆಯಾಯಿತು.

ಮುಂದಿನ ಪಟ್ಟಿ ಉದ್ದವಾಗಿದೆ. ವಿ. ಕೃ. ಗೋಕಾಕ್ ಆಕ್ಸ್‌ಫರ್ಡಿನಲ್ಲಿ ಓದಿ ಬಂದು ಇಂಗ್ಲಿಷ್ ಕಲಿಸಿದರು. ಗೋಪಾಲಕೃಷ್ಣ ಅಡಿಗ, ಪಿ. ಲಂಕೇಶ್, ಶಾಂತಿನಾಥ ದೇಸಾಯಿ ಇಂಗ್ಲಿಷ್ ಅಧ್ಯಾಪಕರು. ಕನ್ನಡ ವಿಮರ್ಶೆಯ ದೊಡ್ಡ ಹೆಸರುಗಳಾದ ಜಿ. ಎಸ್. ಆಮೂರ, ಕೀರ್ತಿನಾಥ ಕುರ್ತಕೋಟಿ ಇಂಗ್ಲಿಷ್ ಪಾಠ ಮಾಡಿದ್ದು ಹೊರನಾಡಿನಲ್ಲಿ. ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿ ಇಂಗ್ಲಿಷ್ ಸಾಹಿತ್ಯದಲ್ಲಿ ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮಿಗೆ ಹೋದರು. 1966ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿದ್ದಾಗಲೇ ಅವರು ಬರೆದದ್ದು ಮಲೆನಾಡಿನ ಅಗ್ರಹಾರದ ಕಥೆಯಾದ ‘ಸಂಸ್ಕಾರ’. ಅದನ್ನು ಇಂಗ್ಲಿಷಿಗೆ ತಂದ ಎ. ಕೆ. ರಾಮಾನುಜನ್ ಮಹಾರಾಜಾ ಕಾಲೇಜಿನಲ್ಲಿ ಮೊದಲು ಸೇರಿದ್ದು ವಿಜ್ಞಾನಕ್ಕೆ. ಹುಡುಗನಿಗೆ ಗಣಿತದ ತಲೆ ಇಲ್ಲವೆಂದು ಕಂಡುಕೊಂಡು ಇಂಗ್ಲಿಷಿಗೆ ಬದಲಾಯಿಸಿಕೊಳ್ಳಲು ಹೇಳಿದವರು ಗಣಿತ ಪ್ರಾಧ್ಯಾಪಕರಾಗಿದ್ದ ಅವರ ತಂದೆಯೇ. ಮುಂದೆ ರಾಮಾನುಜನ್ ವಚನಗಳನ್ನು ಜಗತ್ತಿಗೆ ಓದಿಸಿದರು.

ಇವರೆಲ್ಲ ಇಂಗ್ಲಿಷ್ ಓದಿದ್ದರಿಂದಲೇ ಲೇಖಕರಾದರು ಎಂದು ಹೇಳಲಾಗದು. ಕುವೆಂಪು ಎಂ.ಎ. ಮಾಡಿದ್ದು ಕನ್ನಡದಲ್ಲಿ, ಮಾಸ್ತಿಯವರು ಇಂಗ್ಲಿಷ್ ಎಂ.ಎ. ಮಾಡಿಯೂ ಸರ್ಕಾರಿ ಅಧಿಕಾರಿಯಾಗಿದ್ದವರು. ಆದರೆ ಒಂದು ಮಾತು ನಿಜ. ಪ್ರಜೆಗಳನ್ನು ಪಳಗಿಸಲೆಂದು ಆಳುವವರು ತಂದ ವಿದ್ಯೆಯನ್ನು ಇಲ್ಲಿಯವರು ತಮ್ಮ ನುಡಿಯನ್ನು ಹೊಸದಾಗಿ ಕಾಣಲು ಬಳಸಿದರು. ಇಂಗ್ಲಿಷ್ ಕವಿತೆಯ ಸಾಲಿನ ಮುಂದೆ ಕುಳಿತು ಇದು ಯಾಕೆ ಹೀಗಿದೆ ಎಂದು ಕೇಳಲು ಕಲಿತವರು ಪಂಪನ ಮುಂದೆಯೂ ಕುಮಾರವ್ಯಾಸನ ಮುಂದೆಯೂ ಅದೇ ಪ್ರಶ್ನೆ ಕೇಳಬಲ್ಲವರಾದರು.

ಗೈಡು ಮತ್ತು ನಾಲ್ಕು ಆಯ್ಕೆ

ಇಂದಿನ ವಿದ್ಯಾರ್ಥಿಗೆ ಈ ಕಲಿಕೆ ಎಷ್ಟು ದಕ್ಕುತ್ತಿದೆ? ಪಾಠಪಟ್ಟಿ ಮೊದಲಿಗಿಂತ ಬಹಳ ಹಿಗ್ಗಿದೆ. ಆಫ್ರಿಕದ ಚಿನುವಾ ಅಚಿಬೆ ಇದ್ದಾರೆ, ದಲಿತ ಬರಹ, ಸ್ತ್ರೀವಾದ, ಅನುವಾದ ಎಲ್ಲ ಇವೆ. ಆದರೆ ಹಳ್ಳಿಯಿಂದ ಬಂದ ವಿದ್ಯಾರ್ಥಿಯ ಕೈಗೆ ಮೂಲ ಪುಸ್ತಕಕ್ಕಿಂತ ಮೊದಲು ಸಿಗುವುದು ಗೈಡು, ಈಗಂತೂ ಮೊಬೈಲಿನಲ್ಲಿ ಬರುವ ಸಿದ್ಧ ನೋಟ್ಸು. ‘ಹ್ಯಾಮ್ಲೆಟ್’ ನಾಟಕವನ್ನು ಒಮ್ಮೆಯೂ ಓದದೆ, ಹ್ಯಾಮ್ಲೆಟ್ ತಡಮಾಡಿದ್ದಕ್ಕೆ ಐದು ಕಾರಣಗಳನ್ನು ಬರೆದು ಪಾಸಾಗಲು ಸಾಧ್ಯವಿದೆ. ಇದು ಅಟೆಂಡರ್‌ನನ್ನು ಕೇಳಿ ಲವಣದ ಹೆಸರು ಬರೆದಂತೆಯೇ.

ವಿದ್ಯಾರ್ಥಿಯೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಎಂ.ಎ. ಮುಗಿದ ಮೇಲೆ ಅಧ್ಯಾಪಕನಾಗಬೇಕೆಂದರೆ ಅವನ ಮುಂದಿರುವ ಬಾಗಿಲು ಎನ್‌ಇಟಿ ಅಥವಾ ಕೆ–ಸೆಟ್. 2012ರಿಂದ ಎನ್‌ಇಟಿಯ ಎಲ್ಲ ಪತ್ರಿಕೆಗಳೂ ನಾಲ್ಕು ಆಯ್ಕೆಗಳ ಮಾದರಿಗೆ ಬಂದವು. ಅದಕ್ಕೂ ಮೊದಲು ವಿವರವಾಗಿ ಬರೆಯುವ ಒಂದು ಪತ್ರಿಕೆಯಾದರೂ ಇತ್ತು. ಯಾವ ಕೃತಿ ಯಾವ ವರ್ಷದ್ದು, ಈ ನಾಲ್ಕು ನಾಟಕಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಈ ಪಾತ್ರ ಯಾವ ಕಾದಂಬರಿಯದು ಎಂಬಂಥ ಪ್ರಶ್ನೆಗಳಿಗೆ ಬಾಯಿಪಾಠ ಬೇಕು. ಲಕ್ಷಾಂತರ ಮಂದಿ ಬರೆಯುವ ಪರೀಕ್ಷೆಯನ್ನು ಪಕ್ಷಪಾತವಿಲ್ಲದೆ, ಬೇಗ ಮೌಲ್ಯಮಾಪನ ಮಾಡಲು ಬೇರೆ ದಾರಿ ಸುಲಭವಲ್ಲ ಎಂಬುದೂ ನಿಜವೇ. ಆದರೂ ಖಚಿತ ಸಂಗತಿಗಳನ್ನು ಮಾತ್ರ ಪರೀಕ್ಷಿಸಬಹುದೆಂದ ಫ್ರೀಮನ್ನರ ವಾದವೇ ಶತಮಾನದ ಬಳಿಕ ಇಲ್ಲಿ ಗೆದ್ದಂತಾಯಿತು.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಪರೀಕ್ಷೆಯ ಪದ್ಧತಿ ತರಗತಿಯ ಕೈಯಲ್ಲಿಲ್ಲ, ಆದರೆ ತರಗತಿಯ ಐವತ್ತು ನಿಮಿಷ ಅಧ್ಯಾಪಕರ ಕೈಯಲ್ಲಿದೆ. ವಾರಕ್ಕೊಮ್ಮೆ ಹೆಸರಿಲ್ಲದ ಹದಿನಾಲ್ಕು ಸಾಲು ಹಂಚಿ, ಇದರಲ್ಲಿ ಮಾತನಾಡುತ್ತಿರುವವರು ಯಾರು, ಯಾರೊಡನೆ, ಯಾಕೆ ಎಂದು ಕೇಳಲು ಹಣ ಬೇಕಿಲ್ಲ. ಮೊದಲ ಉತ್ತರ ಕನ್ನಡದಲ್ಲಿ ಬಂದರೆ ಬರಲಿ. ಅರ್ಥವಾದದ್ದನ್ನು ತನ್ನ ನುಡಿಯಲ್ಲಿ ಹೇಳಬಲ್ಲವನು ನಾಳೆ ಅದನ್ನು ಇಂಗ್ಲಿಷಿನಲ್ಲೂ ಹೇಳಿಯಾನು. ಅರ್ಥವಾಗದೆ ಉರು ಹೊಡೆದವನಿಗೆ ಎರಡೂ ಇಲ್ಲ. ಹಳ್ಳಿಯ ಹುಡುಗಿಯೊಬ್ಬಳಿಗೆ ರಿಚರ್ಡ್ಸರ ಹೆಸರು ಗೊತ್ತಿರಬೇಕಾಗಿಲ್ಲ. ಒಗಟು ಬಿಡಿಸಿದವಳಿಗೆ, ತಾಳಮದ್ದಳೆಯಲ್ಲಿ ಒಂದೇ ಪದ್ಯಕ್ಕೆ ಇಬ್ಬರು ಅರ್ಥಧಾರಿಗಳು ಎರಡು ಬಗೆಯ ಅರ್ಥ ಹೇಳಿದ್ದನ್ನು ಕೇಳಿದವಳಿಗೆ ಈ ಕೆಲಸದ ಗುಟ್ಟು ಅರ್ಧ ಗೊತ್ತಿದ್ದಂತೆಯೇ.

ಎಂ.ಎ. ಓದುವುದೇ ಬೇಡವೆಂದು ಹಿಂತಿರುಗಿದ ನಾರಾಯಣ್ 1945ರಲ್ಲಿ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿ ಪ್ರಕಟಿಸಿದರು. ಅದರ ನಾಯಕ ಕೃಷ್ಣ ಕಾಲೇಜಿನ ಇಂಗ್ಲಿಷ್ ಪಾಠದಿಂದ ಬೇಸತ್ತು ಕೆಲಸಕ್ಕೆ ರಾಜೀನಾಮೆ ಕೊಟ್ಟು ಪುಟ್ಟ ಮಕ್ಕಳ ಶಾಲೆ ಸೇರುತ್ತಾನೆ. ಇಂದು ನಾರಾಯಣರ ಕೃತಿಗಳೇ ವಿಶ್ವವಿದ್ಯಾನಿಲಯಗಳಲ್ಲಿ ಪಠ್ಯ, ಅವಕ್ಕೂ ಗೈಡುಗಳಿವೆ. ಈ ವರ್ಷ ಇಂಗ್ಲಿಷ್ ವಿಭಾಗ ಸೇರುವ ವಿದ್ಯಾರ್ಥಿ ಗೈಡು ಕೊಳ್ಳುವ ಮುನ್ನ ಒಂದು ಭಾನುವಾರ ಆ ಕಾದಂಬರಿಯನ್ನೇ ಹಿಡಿದು ಕೂರಲಿ. ಕೃಷ್ಣ ಯಾಕೆ ಬೇಸತ್ತ ಎಂಬುದನ್ನು ಅವನ ಬಾಯಿಂದಲೇ ಕೇಳಿಕೊಳ್ಳಬಹುದು.