ಅಂಗಳದಲ್ಲಿ ಅಳುಕದ ಕೈ

ಕಾವೇರಿಯ ದಡದಲ್ಲಿ, ಹಾಸನ ಜಿಲ್ಲೆಯ ಗಡಿಗೆ ತಾಗಿಕೊಂಡಿರುವ ಕೊಡಗಿನ ಊರು ಶಿರಂಗಾಲ. ಇಂಥ ಊರಿನ ಅಂಗಳದಲ್ಲಿ ಹಬ್ಬದ ಬೆಳಗ್ಗೆ ರಂಗೋಲಿ ಬಿಡಿಸುವ ಹುಡುಗಿಯನ್ನು ಗಮನಿಸಿ. ಚುಕ್ಕಿ ತಪ್ಪಿದರೆ ಅಂಗೈಯಿಂದ ಒರೆಸಿ ಮತ್ತೆ ಇಡುತ್ತಾಳೆ, ಅಷ್ಟೆ. ತರಗತಿಯಲ್ಲಿ ಚಿತ್ರ ಬರೆ ಎಂದರೆ ಅವಳೇ ಹಾಳೆಗೆ ಕೈ ಅಡ್ಡ ಹಿಡಿದು ‘ನಂಗೆ ಬರಲ್ಲ ಮಿಸ್’ ಎಂದಾಳು. ಅಲ್ಲಿ ಅಂಕವಿದೆ, ಪಕ್ಕದವಳ ಹಾಳೆಯಿದೆ.

ನಮಗೆ ನಾವೇ ಕೊಟ್ಟುಕೊಳ್ಳುವ ಬೆಲೆಗೆ ಆತ್ಮಗೌರವ ಎಂದು ಹೆಸರು. ಅದನ್ನು ಅಳೆಯಲು ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಪಟ್ಟಿ ಈಗಲೂ ಬಳಕೆಯಲ್ಲಿದೆ. 48 ದೇಶಗಳವರನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೆಣ್ಣುಮಕ್ಕಳ ಆತ್ಮಗೌರವ ಒಟ್ಟಾರೆ ಗಂಡುಮಕ್ಕಳಿಗಿಂತ ಕೆಳಗೇ ಇತ್ತು.

ಕಲಾ ಚಿಕಿತ್ಸೆ ಕೈ ಹಾಕುವುದು ಇಲ್ಲಿಗೆ. ಕ್ಷಯದಿಂದ ಸ್ಯಾನಿಟೋರಿಯಂ ಸೇರಿದ್ದ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್ 1942ರಲ್ಲಿ ಈ ಹೆಸರು ಕೊಟ್ಟರು. ಇದು ಡ್ರಾಯಿಂಗ್ ಕ್ಲಾಸ್ ಅಲ್ಲ. ಯಾವ ಬಣ್ಣ, ಎಲ್ಲಿ, ಎಷ್ಟು ಎಂಬುದನ್ನೆಲ್ಲ ಹುಡುಗಿಯೇ ತೀರ್ಮಾನಿಸುತ್ತಾಳೆ. ಚಿತ್ರದ ಅರ್ಥವನ್ನೂ ಅವಳೇ ಹೇಳುತ್ತಾಳೆ. ತರಬೇತಾದ ಚಿಕಿತ್ಸಕರು ಕೇಳಿಸಿಕೊಳ್ಳುತ್ತಾರೆ. ‘ಇದನ್ನು ನಾನೇ ಮಾಡಿದೆ’ ಎಂಬ ಅನುಭವ ಮತ್ತೆ ಮತ್ತೆ ಆದಾಗ ‘ನನ್ನಿಂದಾಗುತ್ತದೆ’ ಎಂಬ ನಂಬಿಕೆ ಬೇರು ಬಿಡುತ್ತದೆ. ಪುರಾವೆಗಳು ಹೆಚ್ಚಾಗಿ ಸಣ್ಣ ಅಧ್ಯಯನಗಳವು, ಹಾಗಾಗಿ ಇದನ್ನು ರಾಮಬಾಣ ಎನ್ನಲಾರೆ.

ಹಾಗಾದರೆ ಮನೆಯವರು ಬಾಯ್ತುಂಬ ಹೊಗಳಿದರೆ ಸಾಲದೆ? 2014ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪ್ರಯೋಗವೊಂದನ್ನು ನೋಡಿ. 8ರಿಂದ 12 ವರ್ಷದ 240 ಮಕ್ಕಳು ವಾನ್ ಗಾಗ್‌ನ ಕಾಡುಗುಲಾಬಿ ಚಿತ್ರ ನೋಡಿ ಬರೆದರು. ಕಲಾವಿದರದೆಂದು ಕೊಟ್ಟ ಚೀಟಿಯಲ್ಲಿ ಕೆಲವರಿಗೆ ಚಿತ್ರ ಚೆನ್ನಾಗಿದೆ ಎಂದಿತ್ತು, ಕೆಲವರಿಗೆ ನಂಬಲಾಗದಷ್ಟು ಚೆನ್ನಾಗಿದೆ ಎಂದಿತ್ತು, ಉಳಿದವರಿಗೆ ಹೊಗಳಿಕೆಯೇ ಇರಲಿಲ್ಲ. ಮುಂದೆ ಸುಲಭದ್ದೋ ಕಷ್ಟದ್ದೋ, ಯಾವ ಚಿತ್ರ ಬೇಕಾದರೂ ಆರಿಸಿಕೊಳ್ಳಿ ಎಂದಾಗ, ಆತ್ಮಗೌರವ ಕಡಿಮೆಯಿದ್ದ ಮಕ್ಕಳು ಅತಿಯಾದ ಹೊಗಳಿಕೆ ಪಡೆದಿದ್ದರೆ ಸುಲಭದ್ದರ ಕಡೆಗೇ ವಾಲಿದರು. ಆ ಎತ್ತರವನ್ನು ಇನ್ನೊಮ್ಮೆ ಮುಟ್ಟಲಾಗದೇ ಹೋದರೆ ಎಂಬ ಭಯ ಹುಟ್ಟಿದ್ದಿರಬೇಕು. ಪ್ರೀತಿಯಿಂದ ಆಡಿದ ಮಾತೂ ಹೀಗೆ ಹೊರೆಯಾಗುತ್ತದೆ ಎಂಬುದು ನನ್ನನ್ನು ಬಹಳ ಕಾಡಿದೆ.

ಮಗಳು ಹಾಳೆ ತೋರಿಸಿದಾಗ ‘ಸೂಪರ್’ ಎನ್ನುವ ಮುಂಚೆ ‘ಈ ಮೂಲೆಗೆ ಯಾಕಮ್ಮ ಕಪ್ಪು ಬಳಿದೆ?’ ಎಂದು ಕೇಳಿ, ಉತ್ತರ ಮುಗಿಯುವ ತನಕ ಕೂತಿರಿ. ಅವಳು ದಿನಗಟ್ಟಲೆ ಮಂಕಾಗಿದ್ದರೆ ಬಣ್ಣದ ಡಬ್ಬಿಯನ್ನಷ್ಟೇ ನಂಬಿ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಸಲಹೆ ಸಿಗುತ್ತದೆ.